ಬೇ ಏರಿಯಾ ಕನ್ನಡಿಗರ ಊಟ ಮತ್ತು ಕರುಳಿನ ಆರೋಗ್ಯ

ಬೇ ಏರಿಯಾ ಕನ್ನಡಿಗರ ಊಟ ಮತ್ತು ಕರುಳಿನ ಆರೋಗ್ಯ: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡ ಕುಟುಂಬಗಳ ನಿತ್ಯದ ಆಹಾರ, ಆ ಆಹಾರವು ಕರುಳಿನ ಸೂಕ್ಷ್ಮಜೀವಿಗಳ ಮೇಲೆ ಮಾಡುವ ಪರಿಣಾಮ, ಅದರಿಂದ ಇಡೀ ದೇಹಕ್ಕೆ ಆಗುವ ಒಳಿತು ಕೆಡುಕು ಇವನ್ನು ಕುರಿತ ವಿಷಯ. ಬೇ ಏರಿಯಾ ಎಂದೇ ಎಲ್ಲರೂ ಕರೆಯುವ ಈ ಪ್ರದೇಶದಲ್ಲಿ ಸ್ಯಾನ್ ಹೋಸೆ, ಸನಿವೇಲ್, ಕ್ಯುಪರ್ಟಿನೊ, ಸ್ಯಾಂಟಾ ಕ್ಲಾರಾ, ಮಿಲ್ಪಿಟಾಸ್, ಫ್ರೀಮಾಂಟ್ ಊರುಗಳಲ್ಲಿ ಕನ್ನಡಿಗರ ಮನೆಗಳು ಹೆಚ್ಚು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1970ರ ದಶಕದಿಂದ ಇಲ್ಲಿ ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳನ್ನು ನಡೆಸುತ್ತ ಬಂದಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕ ನಡೆಸುವ ವಿಶ್ವ ಕನ್ನಡ ಸಮ್ಮೇಳನ 2014ರಲ್ಲಿ ಸ್ಯಾನ್ ಹೋಸೆಯಲ್ಲಿ ಜರುಗಿತು.

ಈ ವಿಷಯಕ್ಕೆ ಬೇ ಏರಿಯಾ ವಿಶೇಷ ನೆಲೆಯಾಗಲು ಮೂರು ಕಾರಣಗಳಿವೆ. ಹುಳಿ ಬರಿಸಿದ ಹಿಟ್ಟು, ಮೊಸರು, ಕಾಳು, ಸೊಪ್ಪು, ರಾಗಿಗಳ ಮೇಲೆ ನಿಂತ ಅಡುಗೆಯನ್ನು ಕನ್ನಡಿಗರು ಇಲ್ಲಿಗೆ ತಂದಿದ್ದಾರೆ. ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವ ಅಮೆರಿಕನ್ ಆಹಾರ ಅವರ ಕೈಗೆ ಸುಲಭವಾಗಿ ಸಿಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಜಗತ್ತಿಗೇ ಮುಂದಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡೂ ಇಲ್ಲಿಯೇ ಇವೆ. ಈ ಸಂಸ್ಥೆಗಳ ಸಂಶೋಧನೆ ಮತ್ತು ಕನ್ನಡ ಅಡುಗೆಮನೆಯ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಲಸೆ ಬಂದ ಮನೆಗಳಲ್ಲಿ ಹಬ್ಬದ ಊಟ ನಿತ್ಯದ ಊಟವಾಗುವ, ನಿತ್ಯದ ಊಟ ಅಪರೂಪವಾಗುವ ಒಲವು ಬಲವಾಗಿದೆ. ಕರುಳಿಗೆ ಬೇಕಾದುದು ಆ ನಿತ್ಯದ ಊಟ.

ಕರುಳಿನ ಸೂಕ್ಷ್ಮಜೀವಿಗಳು

ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿದ್ದರೆ, ಅದರೊಳಗೆ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳುತ್ತದೆ. ಇವುಗಳ ಬಹುಪಾಲು ದೊಡ್ಡ ಕರುಳಿನಲ್ಲಿದೆ. ಒಟ್ಟು ತೂಕ ಹೆಚ್ಚೆಂದರೆ ಕಾಲು ಕಿಲೋ. ನೂರಾರು ಪ್ರಭೇದಗಳ ಈ ಸಮುದಾಯ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುತ್ತದೆ. ಒಂದೇ ಮನೆಯವರಲ್ಲಿ ಒಂದಿಷ್ಟು ಹೋಲಿಕೆ ಕಾಣುತ್ತದೆ.

ತಿಂದ ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ತುಪ್ಪದ ಕೊಬ್ಬು ಬಹುತೇಕ ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರುತ್ತವೆ. ಸೊಪ್ಪು, ಕಾಳು, ಸಿಪ್ಪೆ, ತೌಡುಗಳಲ್ಲಿರುವ ನಾರನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಆ ನಾರು ಹಾಗೆಯೇ ದೊಡ್ಡ ಕರುಳನ್ನು ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಸರಪಣಿಯ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಶಕ್ತಿಮೂಲ. ಆ ಪದರ ಗಟ್ಟಿಯಾಗಿರುವುದಕ್ಕೂ ಉರಿಯೂತ ಹತೋಟಿಯಲ್ಲಿರುವುದಕ್ಕೂ ಅದು ನೆರವಾಗುತ್ತದೆ. ನಾರು ಸಿಗದೆ ಹೋದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ ಎಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಊಟ ಬದಲಾದರೆ ಈ ಸಮುದಾಯವೂ ಬೇಗ ಬದಲಾಗುತ್ತದೆ. ಈಗ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ಪೀಟರ್ ಟರ್ನ್‌ಬಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರು ಕೆಲವು ದಿನ ಬರೀ ಪ್ರಾಣಿಮೂಲದ ಆಹಾರವನ್ನೂ ಇನ್ನು ಕೆಲವು ದಿನ ಬರೀ ಸಸ್ಯಮೂಲದ ಆಹಾರವನ್ನೂ ತಿಂದರು. ಕೆಲವೇ ದಿನಗಳಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾಗಳ ಪ್ರಮಾಣಗಳು ಏರುಪೇರಾದವು. ಅದೇ ತಂಡ 2019ರಲ್ಲಿ, ಬೇಯಿಸಿದ ಗೆಣಸನ್ನೂ ಹಸಿ ಗೆಣಸನ್ನೂ ತಿಂದ ಇಲಿಗಳ ಕರುಳಿನಲ್ಲಿ ಬೇರೆ ಬೇರೆ ಸಮುದಾಯಗಳು ಬೆಳೆಯುವುದನ್ನು ತೋರಿಸಿತು. ಏನು ತಿನ್ನುತ್ತೇವೆ ಎಂಬುದರ ಜೊತೆಗೆ ಅದನ್ನು ಹೇಗೆ ಅಡುಗೆ ಮಾಡುತ್ತೇವೆ ಎಂಬುದಕ್ಕೂ ಬೆಲೆಯಿದೆ.

ವಲಸೆ ಮತ್ತು ಕರುಳು

ದೇಶ ಬದಲಾದಾಗ ಕರುಳೂ ಬದಲಾಗುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 2018ರಲ್ಲಿ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಆಗ್ನೇಯ ಏಷ್ಯಾದಿಂದ ಬಂದ ಮೋಂಗ್ ಮತ್ತು ಕರೆನ್ ಸಮುದಾಯಗಳ ಮಹಿಳೆಯರನ್ನು ಅಭ್ಯಸಿಸಿದರು. ಅಮೆರಿಕಕ್ಕೆ ಬಂದ ಕೆಲವೇ ತಿಂಗಳಲ್ಲಿ ಅವರ ಕರುಳಿನ ಜೀವಿವೈವಿಧ್ಯ ಕುಗ್ಗಲು ಶುರುವಾಗಿತ್ತು. ಸಸ್ಯದ ನಾರನ್ನು ಒಡೆಯುವ ಪ್ರಿವೊಟೆಲ್ಲ ಗುಂಪಿನ ಬ್ಯಾಕ್ಟೀರಿಯಾಗಳ ಜಾಗಕ್ಕೆ ಅಮೆರಿಕನ್ನರಲ್ಲಿ ಸಾಮಾನ್ಯವಾದ ಬ್ಯಾಕ್ಟೀರಾಯ್ಡಿಸ್ ಗುಂಪು ಬರತೊಡಗಿತ್ತು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳಲ್ಲಿ ಈ ಬದಲಾವಣೆ ಇನ್ನೂ ಹೆಚ್ಚಾಗಿತ್ತು.

ಸ್ಟ್ಯಾನ್‌ಫರ್ಡ್‌ನ ಜಸ್ಟಿನ್ ಸೊನೆನ್‌ಬರ್ಗ್ ಮತ್ತು ಎರಿಕಾ ಸೊನೆನ್‌ಬರ್ಗ್ ದಂಪತಿಗಳ ಪ್ರಯೋಗಾಲಯ 2016ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ತಲೆಮಾರುಗಳ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಪಡೆದ ಇಲಿಗಳಿಗೆ ನಾರು ಕಡಿಮೆಯಿರುವ ಆಹಾರ ಕೊಟ್ಟಾಗ ಅನೇಕ ಪ್ರಭೇದಗಳು ಕ್ಷೀಣಿಸಿದವು. ಮೊದಲ ತಲೆಮಾರಿನಲ್ಲಿ ಮತ್ತೆ ನಾರು ಕೊಟ್ಟರೆ ಅವು ಬಹುಮಟ್ಟಿಗೆ ಚೇತರಿಸಿಕೊಂಡವು. ನಾಲ್ಕು ತಲೆಮಾರು ಹಾಗೆಯೇ ಮುಂದುವರಿಸಿದಾಗ, ನಾರು ಮರಳಿ ಕೊಟ್ಟರೂ ಅನೇಕ ಪ್ರಭೇದಗಳು ಹಿಂದಿರುಗಲಿಲ್ಲ. ಕಳೆದುಹೋದ ಬ್ಯಾಕ್ಟೀರಿಯಾಗಳನ್ನೇ ಹೊರಗಿನಿಂದ ತಂದು ಸೇರಿಸಬೇಕಾಯಿತು. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟೇ ಬಿಗಿಯಾಗಿ ನಡೆಯುತ್ತದೆ ಎನ್ನಲಾಗದು. ಆದರೂ ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ, ವಲಸೆ ಬಂದವರ ಮನೆಯಲ್ಲಿ ಮಕ್ಕಳು ಏನು ತಿಂದು ಬೆಳೆಯುತ್ತಾರೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂಬುದು ಮನಸ್ಸಿಗೆ ತಾಗುತ್ತದೆ.

ಬೇ ಏರಿಯಾದ ನಿವಾಸಿಗಳನ್ನೇ ಕುರಿತ ಒಂದು ಅಧ್ಯಯನ 2021ರಲ್ಲಿ ಹೊರಬಂತು. ಅದರಲ್ಲಿ ಟರ್ನ್‌ಬಾ ಅವರ ತಂಡ ಇಲ್ಲಿ ನೆಲೆಸಿರುವ ಪೂರ್ವ ಏಷ್ಯಾ ಮೂಲದವರ ಮತ್ತು ಬಿಳಿಯರ ಕರುಳಿನ ಸೂಕ್ಷ್ಮಜೀವಿಗಳನ್ನು ಹೋಲಿಸಿತು. ಒಂದೇ ಪ್ರದೇಶದಲ್ಲಿ ಬದುಕುತ್ತಿದ್ದರೂ ಎರಡು ಗುಂಪುಗಳ ನಡುವೆ ಸ್ಪಷ್ಟ ವ್ಯತ್ಯಾಸವಿತ್ತು. ಆ ವ್ಯತ್ಯಾಸ ತೆಳು ಮೈಯವರಲ್ಲಿ ಎದ್ದು ಕಂಡಿತು, ಬೊಜ್ಜಿರುವವರಲ್ಲಿ ಮಸುಕಾಗಿತ್ತು. ಒಂದೇ ಆಹಾರ ಸಲಹೆಯನ್ನು ಎಲ್ಲ ಸಮುದಾಯಗಳಿಗೂ ಹೊಂದಿಸಲಾಗದು ಎಂಬ ಎಚ್ಚರಿಕೆ ಇದರಲ್ಲಿದೆ.

ದಕ್ಷಿಣ ಏಷ್ಯಾ ಮೂಲದವರ ಆರೋಗ್ಯ: ಮಸಾಲಾ ಅಧ್ಯಯನ

ಕನ್ನಡಿಗರೂ ಸೇರಿದಂತೆ ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ಹೃದಯ ಮತ್ತು ಚಯಾಪಚಯದ ಆರೋಗ್ಯವನ್ನು ದೀರ್ಘಕಾಲ ಗಮನಿಸುತ್ತಿರುವ ಮುಖ್ಯ ಸಂಶೋಧನೆ, ಇಂಗ್ಲಿಷ್ ಹೆಸರಿನ ಸಂಕ್ಷೇಪದಿಂದ ಮಸಾಲಾ ಎಂದು ಕರೆಯುವ ಅಧ್ಯಯನ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಕಾ ಕನಾಯಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನಮ್ರತಾ ಕಂದುಲ ಇದರ ಮುಂದಾಳುಗಳು. 2010ರಿಂದ 2013ರವರೆಗಿನ ಮೊದಲ ಸುತ್ತಿನಲ್ಲಿ ಬೇ ಏರಿಯಾ ಮತ್ತು ಶಿಕಾಗೊ ಸುತ್ತಮುತ್ತಲಿನ 906 ಮಂದಿ ಭಾಗವಹಿಸಿದರು. ಎಲ್ಲರೂ 40ರಿಂದ 84 ವರ್ಷದೊಳಗಿನವರು.

2014ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೆ ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ 23ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಬಿಳಿಯರಲ್ಲಿ ಆ ಪ್ರಮಾಣ ಶೇ 6. ನೋಡಲು ತೆಳ್ಳಗಿದ್ದವರನ್ನೂ ಕಾಯಿಲೆ ಬಿಟ್ಟಿರಲಿಲ್ಲ. ಅಮೆರಿಕದ ಡಯಾಬಿಟಿಸ್ ಸಂಘ 2015ರಲ್ಲಿ ಏಷ್ಯಾ ಮೂಲದವರಿಗೆ ಸಕ್ಕರೆ ಕಾಯಿಲೆಯ ತಪಾಸಣೆ ಶುರುಮಾಡುವ ದೇಹತೂಕ ಸೂಚ್ಯಂಕವನ್ನು 25ರಿಂದ 23ಕ್ಕೆ ಇಳಿಸಿತು.

ಇದೇ ಅಧ್ಯಯನದ ಮೇಲೆ 2015ರಲ್ಲಿ ಬಂದ ವಿಶ್ಲೇಷಣೆ ಜನರ ಊಟವನ್ನು ಮೂರು ಮಾದರಿಗಳಾಗಿ ಗುರುತಿಸಿತು: ಮಾಂಸಮೂಲದ ಪ್ರೋಟೀನು ಹೆಚ್ಚಿರುವುದು, ಕರಿದ ತಿಂಡಿ, ಸಿಹಿ ಮತ್ತು ಕೊಬ್ಬು ತುಂಬಿದ ಹಾಲಿನ ಪದಾರ್ಥ ಹೆಚ್ಚಿರುವುದು, ಹಣ್ಣು, ತರಕಾರಿ, ಬೀಜ ಮತ್ತು ಕಾಳು ಹೆಚ್ಚಿರುವುದು. ಎರಡನೆಯ ಮಾದರಿಯಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ ಕಡಿಮೆ. ಮೂರನೆಯದರಲ್ಲಿ ರಕ್ತದೊತ್ತಡ ಮತ್ತು ಚಯಾಪಚಯದ ತೊಂದರೆ ಕಡಿಮೆ. ಸಸ್ಯಾಹಾರ ಎಂಬ ಒಂದೇ ಹೆಸರಿನ ಕೆಳಗೆ ಈ ಎರಡನೆಯ ಮತ್ತು ಮೂರನೆಯ ಮಾದರಿಗಳೆರಡೂ ಅಡಗಿವೆ. ಬಿಳಿ ಅನ್ನ, ಚಕ್ಕುಲಿ, ಮೈಸೂರು ಪಾಕ್, ಕೆನೆ ಮೊಸರು ಇವಿಷ್ಟೇ ತಿಂದರೂ ಸಸ್ಯಾಹಾರವೇ. ಹುರುಳಿಕಾಳು ಸಾರು, ಕೋಸಂಬರಿ, ಪಲ್ಯ, ರಾಗಿ ಮುದ್ದೆ ತಿಂದರೂ ಸಸ್ಯಾಹಾರವೇ. ಕರುಳಿಗೆ ಮಾತ್ರ ಇವೆರಡೂ ಒಂದಲ್ಲ.

ದಕ್ಷಿಣ ಏಷ್ಯಾ ಮೂಲದವರಿಗಾಗಿಯೇ ಬೇ ಏರಿಯಾದಲ್ಲಿ ವೈದ್ಯಕೀಯ ಸೇವೆಗಳೂ ಹುಟ್ಟಿಕೊಂಡಿವೆ. ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯ ಸೌತ್ ಏಷ್ಯನ್ ಹಾರ್ಟ್ ಸೆಂಟರ್ 2006ರಿಂದ ಊಟ, ವ್ಯಾಯಾಮ, ನಿದ್ರೆಗಳನ್ನು ಕುರಿತು ಸಲಹೆ ನೀಡುತ್ತಿದೆ.

ನಾರು: ತಟ್ಟೆಯಿಂದ ಮೊದಲು ಮರೆಯಾಗುವುದು

ಅಮೆರಿಕದ ಆಹಾರ ಮಾರ್ಗದರ್ಶನದ ಪ್ರಕಾರ ಪ್ರತಿ 1,000 ಕಿಲೋಕ್ಯಾಲರಿಗೆ 14 ಗ್ರಾಂ ನಾರು ಬೇಕು. ಅಂದರೆ ವಯಸ್ಕ ಮಹಿಳೆಗೆ ದಿನಕ್ಕೆ ಸುಮಾರು 25 ಗ್ರಾಂ, ಗಂಡಸಿಗೆ ಸುಮಾರು 38 ಗ್ರಾಂ. ಅಮೆರಿಕನ್ನರು ಸರಾಸರಿ ತಿನ್ನುವುದು ಅದರ ಅರ್ಧದಷ್ಟು. ತಾನ್ಜಾನಿಯಾದಲ್ಲಿ ಬೇಟೆ ಮತ್ತು ಕಾಡಿನ ಗೆಡ್ಡೆ, ಹಣ್ಣು, ಜೇನುಗಳಿಂದ ಬದುಕುವ ಹಡ್ಜಾ ಜನ ಇದರ ಅನೇಕ ಪಟ್ಟು ನಾರು ತಿನ್ನುತ್ತಾರೆ. ಅವರ ಕರುಳಿನ ಜೀವಿಸಮುದಾಯ ಋತುಗಳಿಗೆ ತಕ್ಕಂತೆ ಏರಿಳಿಯುವುದನ್ನು ಸೊನೆನ್‌ಬರ್ಗ್ ತಂಡ 2017ರಲ್ಲಿ ದಾಖಲಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗೂ ಕಡಿಮೆ. ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ, ಇಡಿ ಗೋಧಿಯ ಹಿಟ್ಟಿನಲ್ಲೂ ಸುಮಾರು 11 ಗ್ರಾಂ. ಸಿಪ್ಪೆಯಿರುವ ಹೆಸರುಕಾಳಿನಲ್ಲಿ ಅದಕ್ಕಿಂತಲೂ ಹೆಚ್ಚು. ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಸಹ ಇದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ, ನವಣೆ, ಸಾಮೆ, ಊದಲುಗಳ ಬಗ್ಗೆ ವಿದೇಶದ ಭಾರತೀಯ ಮನೆಗಳಲ್ಲೂ ಮಾತು ಹೆಚ್ಚಾಯಿತು.

ಹಳೇ ಮೈಸೂರು ಸೀಮೆಯ ಮುದ್ದೆ, ಬಸ್ಸಾರು, ಉಪ್ಸಾರು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಈರುಳ್ಳಿ, ಸೌತೆಕಾಯಿ. ಕರಾವಳಿಯ ಕುಚ್ಚಲಕ್ಕಿ ಗಂಜಿ, ಹರಿವೆ ಸಾಂಬಾರು, ಪತ್ರೊಡೆ. ಮಲೆನಾಡಿನ ಸೊಪ್ಪಿನ ತಂಬುಳಿ. ಇವೆಲ್ಲ ನಿತ್ಯದ ಊಟಗಳು, ನಾರು ತುಂಬಿದವು. ಇವುಗಳಿಗೆ ಸೊಪ್ಪು ಬಿಡಿಸಬೇಕು, ಕಾಳು ನೆನೆಸಿ ಮೊಳಕೆ ಕಟ್ಟಬೇಕು, ರೊಟ್ಟಿ ಬಡಿಯಬೇಕು. ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಓಡುವ ಮನೆಯಲ್ಲಿ ಈ ಕೆಲಸಕ್ಕೇ ಮೊದಲು ಕತ್ತರಿ ಬೀಳುತ್ತದೆ. ಕುಕ್ಕರಿನ ಬಿಳಿ ಅನ್ನ, ಪೊಟ್ಟಣದ ಪುಡಿಯ ಸಾರು, ಅಂಗಡಿಯ ಸಿಹಿ ಮತ್ತು ಕರಿದ ತಿಂಡಿಗೆ ಅಷ್ಟು ಸಮಯ ಬೇಡ. ಇದು ಸೋಮಾರಿತನವಲ್ಲ, ಹೊತ್ತಿನ ಅಭಾವ. ಪರಿಹಾರವೂ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹುಟ್ಟಬೇಕು.

ಬೇ ಏರಿಯಾದಲ್ಲಿ ಅದಕ್ಕೆ ಅನುಕೂಲವಿದೆ. ಭಾರತೀಯ ದಿನಸಿ ಅಂಗಡಿಗಳಲ್ಲಿ ರಾಗಿ ಹಿಟ್ಟು, ಜೋಳದ ಹಿಟ್ಟು, ಹುರುಳಿ, ಅಲಸಂದೆ, ಫ್ರೀಜ್ ಮಾಡಿದ ಅವರೆಕಾಳು, ನುಗ್ಗೆಕಾಯಿ, ತುರಿದ ಕಾಯಿ ಸಿಗುತ್ತವೆ. ವಾರದ ರೈತ ಸಂತೆಗಳಲ್ಲಿ ತಾಜಾ ಸೊಪ್ಪು, ಬೀಟ್‌ರೂಟಿನ ಎಲೆ, ಮೂಲಂಗಿ ಸೊಪ್ಪು, ಹುರುಳಿಕಾಯಿ ಬರುತ್ತವೆ. ಕೇಲ್, ಚಾರ್ಡ್, ಪಾಲಕ್ ಬಸ್ಸಾರಿಗೂ ಮಸ್ಸೊಪ್ಪಿಗೂ ಚೆನ್ನಾಗಿ ಒಗ್ಗುತ್ತವೆ. ಬೇಸಿಗೆಯಲ್ಲಿ ಹಿತ್ತಿಲಲ್ಲಿ ಮೆಂತ್ಯ, ಹರಿವೆ, ಹೀರೆ, ಸೋರೆ ಬೆಳೆಯುವವರೂ ಇದ್ದಾರೆ. ಭಾನುವಾರ ಒಂದು ಪಾತ್ರೆ ಕಾಳು ಬೇಯಿಸಿಟ್ಟರೆ ವಾರದ ಮೂರು ದಿನ ಉಸಲಿಗೆ, ಸಾರಿಗೆ, ಪಲ್ಯಕ್ಕೆ ಆಗುತ್ತದೆ.

ನಾರಿನ ಪ್ರಮಾಣದಷ್ಟೇ ಬಗೆಯೂ ಮುಖ್ಯ. 2012ರಲ್ಲಿ ಶುರುವಾದ ಅಮೆರಿಕನ್ ಗಟ್ ಯೋಜನೆ ಸಾವಿರಾರು ಜನರ ಮಾದರಿಗಳನ್ನು ಕಲೆಹಾಕಿ 2018ರಲ್ಲಿ ವರದಿ ಕೊಟ್ಟಿತು. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಮೂಲದ ಆಹಾರ ತಿನ್ನುವವರ ಕರುಳಿನ ಜೀವಿಗಳು, 10 ಅಥವಾ ಅದಕ್ಕಿಂತ ಕಡಿಮೆ ಬಗೆ ತಿನ್ನುವವರಿಗಿಂತ ಹೆಚ್ಚು ವೈವಿಧ್ಯವುಳ್ಳವಾಗಿದ್ದವು. ಕನ್ನಡ ಅಡುಗೆಗೆ ಈ ಗುರಿ ದೂರದ್ದೇನಲ್ಲ. ಒಂದು ಬಿಸಿಬೇಳೆ ಬಾತಿಗೆ ಬೇಳೆ, ನಾಲ್ಕಾರು ತರಕಾರಿ, ಕಡಲೆಕಾಯಿ ಬೀಜ, ಕೊಬ್ಬರಿ, ಧನಿಯಾ, ಮೆಂತ್ಯ, ಮೊಗ್ಗು, ಚಕ್ಕೆ, ಕರಿಬೇವು ಬೀಳುತ್ತವೆ.

ಆರಿದ ಅನ್ನಕ್ಕೂ ಇಲ್ಲಿ ಸ್ಥಾನವಿದೆ. ಬೇಯಿಸಿ ತಣ್ಣಗಾದ ಅನ್ನದಲ್ಲಿ ಪಿಷ್ಟದ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪ ಪಡೆದು, ನಾರಿನಂತೆ ದೊಡ್ಡ ಕರುಳಿಗೆ ಹೋಗುತ್ತದೆ. ಇದಕ್ಕೆ ನಿರೋಧಕ ಪಿಷ್ಟ ಎಂದು ಹೆಸರು. ತಂಗಳನ್ನಕ್ಕೆ ಮಜ್ಜಿಗೆ ಹಾಕಿ ಉಣ್ಣುವ ರೂಢಿಗೆ ಇದೊಂದು ಸಮರ್ಥನೆ. ಆದರೆ ಅನ್ನವನ್ನು ಹೊರಗೆ ಬಹಳ ಹೊತ್ತು ಬಿಟ್ಟರೆ ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು.

ಹುಳಿ ಬರಿಸಿದ ಆಹಾರ

ಹುದುಗಿದ ಆಹಾರದ ಬಗ್ಗೆ ಹೆಚ್ಚು ಚರ್ಚೆಗೆ ಬಂದ ಪ್ರಯೋಗ ನಡೆದದ್ದೂ ಸ್ಟ್ಯಾನ್‌ಫರ್ಡ್‌ನಲ್ಲಿ. ಸೊನೆನ್‌ಬರ್ಗ್ ಮತ್ತು ಪೋಷಣಾ ತಜ್ಞ ಕ್ರಿಸ್ಟೋಫರ್ ಗಾರ್ಡ್‌ನರ್ ಅವರ ತಂಡಗಳು 2021ರ ಜುಲೈನಲ್ಲಿ ಇದರ ಫಲಿತಾಂಶ ಪ್ರಕಟಿಸಿದವು. ಆರೋಗ್ಯವಂತ 36 ವಯಸ್ಕರನ್ನು ಎರಡು ಗುಂಪು ಮಾಡಿ 10 ವಾರ ಒಂದು ಗುಂಪಿಗೆ ನಾರು ಹೆಚ್ಚಿರುವ ಊಟವನ್ನೂ ಇನ್ನೊಂದಕ್ಕೆ ಹುದುಗಿದ ಆಹಾರ ಹೆಚ್ಚಿರುವ ಊಟವನ್ನೂ ಕೊಡಲಾಯಿತು. ಎರಡನೆಯ ಗುಂಪಿನವರು ಮೊಸರು, ಕೆಫಿರ್, ಕಿಮ್ಚಿ, ಕೊಂಬುಚ, ಉಪ್ಪುನೀರಿನಲ್ಲಿ ಹುಳಿ ಬಂದ ತರಕಾರಿಯ ರಸ ಇಂಥವನ್ನು ದಿನಕ್ಕೆ ಸರಾಸರಿ ಆರು ಬಾರಿ ಸೇವಿಸಿದರು. ಅವರ ಕರುಳಿನ ಜೀವಿವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರಿನ ಗುಂಪಿನಲ್ಲಿ ವೈವಿಧ್ಯ ಅಷ್ಟು ಸಮಯದಲ್ಲಿ ಹೆಚ್ಚಲಿಲ್ಲ. ಮೊದಲೇ ವೈವಿಧ್ಯ ಹೆಚ್ಚಿದ್ದವರಲ್ಲಿ ಮಾತ್ರ ಉರಿಯೂತ ತಗ್ಗಿತು. ನಾರನ್ನು ಬಳಸಿಕೊಳ್ಳಬಲ್ಲ ಜೀವಿಗಳೇ ಕಡಿಮೆಯಾಗಿದ್ದರೆ ನಾರು ಒಂದೇ ಸಾಲದು, ಎರಡೂ ಜೊತೆಯಾಗಿ ಬೇಕು ಎಂಬ ಊಹೆಗೆ ಇದು ಬಲ ಕೊಟ್ಟಿತು. ಪ್ರಯೋಗ ಚಿಕ್ಕದು, ಅವಧಿ ಕಡಿಮೆ. ಆದರೂ ಅದು ತೋರಿದ ದಿಕ್ಕು ಕಾಳಿನ ಪಕ್ಕದಲ್ಲಿ ಮಜ್ಜಿಗೆ ಇಡುವ ಊಟಕ್ಕೆ ಹತ್ತಿರದ್ದು.

ಕನ್ನಡ ನಾಡಿನಲ್ಲಿ ಉದ್ದಿನ ಹಿಟ್ಟಿಗೆ ಮಜ್ಜಿಗೆ, ಮೊಸರು ಬೆರೆಸುವ ರೂಢಿ ಬಹಳ ಹಳೆಯದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಲಿಯ ಹಳೆಯ ರೂಪವಾದ ಇಡ್ಡಲಿಗೆಯ ಪ್ರಸ್ತಾಪವಿದೆ. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಮೊಸರಿನ ತಿಳಿಯೊಂದಿಗೆ ರುಬ್ಬಿ, ಇಂಗು, ಜೀರಿಗೆ, ಮೆಣಸು ಸೇರಿಸುವ ವಿಧಾನ ಬಂದಿದೆ. ಅಕ್ಕಿ ಸೇರಿದ್ದು ಅನಂತರ. ಇಡ್ಲಿ ಹಿಟ್ಟು ಉಬ್ಬಲು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂಬುದು 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ತಿಳಿಯಿತು. ಈ ಬ್ಯಾಕ್ಟೀರಿಯಾ ಹೊರಗಿನಿಂದ ಹಾಕಿದ್ದಲ್ಲ. ಬೇಳೆ ಅಕ್ಕಿಗಳ ಜೊತೆಯಲ್ಲೇ ಬರುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಇಡ್ಲಿ ದೋಸೆಗಳ ಹುದುಗುವಿಕೆಯನ್ನು ಅಭ್ಯಸಿಸಿದೆ.

ಬೇ ಏರಿಯಾದ ಚಳಿಗಾಲದಲ್ಲಿ ಹಿಟ್ಟು ಹುಳಿ ಬರಿಸುವುದು ಪ್ರಯಾಸ. ಹಿಟ್ಟಿಗೆ ಹಿತವಾದದ್ದು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ಜಾಗ. ಮನೆಗಳು ಅದಕ್ಕಿಂತ ತಣ್ಣಗಿರುತ್ತವೆ. ಓವನ್ ಉರಿಸದೆ ಅದರ ದೀಪ ಮಾತ್ರ ಹಾಕಿ ಪಾತ್ರೆಯನ್ನು ಒಳಗಿಡುವುದು, ಇನ್‌ಸ್ಟಂಟ್ ಪಾಟ್‌ನ ಮೊಸರಿನ ಗುಂಡಿ ಒತ್ತುವುದು ಇಲ್ಲಿ ಮನೆಮಾತಾದ ಉಪಾಯಗಳು. ರುಬ್ಬುವಾಗ ಹಿಡಿ ಅವಲಕ್ಕಿ, ಚಮಚ ಮೆಂತ್ಯ ಸೇರಿಸುವುದೂ ಉಂಟು. ರುಬ್ಬಲು ಹೊತ್ತಿಲ್ಲದವರಿಗೆ ಸಿದ್ಧ ಹಿಟ್ಟು ಸಿಗುತ್ತದೆ. ಸ್ಯಾನ್ ಹೋಸೆಯ ಶಾಸ್ತಾ ಫುಡ್ಸ್ ಈ ಹಿಟ್ಟನ್ನು ಮಾರುಕಟ್ಟೆಗೆ ತಂದ ಹೆಸರಾಂತ ಕಂಪನಿ.

ಕೊಲ್ಲಿಯ ಊರುಗಳಿಗೂ ತಮ್ಮದೇ ಹುಳಿಹಿಟ್ಟಿನ ಪರಂಪರೆಯಿದೆ. ಚಿನ್ನದ ಗಣಿಗಾರರ ಕಾಲದಿಂದ ಹೆಸರಾದ ಹುಳಿ ಬ್ರೆಡ್ಡನ್ನು 1849ರಲ್ಲಿ ಶುರುವಾದ ಬುಡೀನ್ ಬೇಕರಿ ಇಂದಿಗೂ ಮಾಡುತ್ತಿದೆ. ಬರ್ಕ್ಲಿಗೆ ಅಂಟಿಕೊಂಡಿರುವ ಆಲ್ಬನಿಯ ಕೃಷಿ ಸಂಶೋಧನಾಲಯದಲ್ಲಿ ಲಿಯೊ ಕ್ಲೈನ್ ಮತ್ತು ಫ್ರಾಂಕ್ ಸುಗಿಹಾರ 1970ರ ದಶಕದ ಆರಂಭದಲ್ಲಿ ಈ ಬ್ರೆಡ್ಡಿನ ಹುಳಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಹೆಸರೇ ಬಂತು. ಬ್ರೆಡ್ಡಿನ ಹುಳಿಹಿಟ್ಟೂ ದೋಸೆಯ ಹಿಟ್ಟೂ ನಿಂತಿರುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಕೆಲಸದ ಮೇಲೆ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಇಡ್ಲಿ, ದೋಸೆ, ಬ್ರೆಡ್ಡುಗಳನ್ನು ಬೇಯಿಸುವಾಗ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಹುದುಗುವಿಕೆಯ ಇತರ ಫಲಗಳು ಉಳಿಯುತ್ತವೆ: ಕಬ್ಬಿಣ, ಸತುವುಗಳನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿರುತ್ತದೆ, ಬೇಳೆ ಅರಗಲು ಸುಲಭವಾಗಿರುತ್ತದೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರು, ಮಜ್ಜಿಗೆ, ಕುದಿಸದ ತಂಬುಳಿ, ಆರಿದ ಮೇಲೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಸೇವಿಸಬೇಕು. ಮಜ್ಜಿಗೆ ಹುಳಿಯಲ್ಲಿ ಮೊಸರು ಕುದಿಯುವುದರಿಂದ ಆ ಫಲ ಸಿಗದು. ಮೊಸರನ್ನಕ್ಕೆ ಮೊಸರು ಹಾಕುವಾಗಲೂ ಅನ್ನ ಉಗುರು ಬೆಚ್ಚಗಾಗಲು ಬಿಡುವುದು ಒಳ್ಳೆಯದು. ದಕ್ಷಿಣ ಭಾರತೀಯರಲ್ಲಿ ಅನೇಕರಿಗೆ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಆ ಸಕ್ಕರೆಯ ಒಂದು ಭಾಗವನ್ನು ಮೊದಲೇ ಒಡೆಯುವುದರಿಂದ ಹಾಲು ಆಗದವರಿಗೂ ಮೊಸರು ಆಗಿಬರುತ್ತದೆ. ಅಂಗಡಿಯ ಮೊಸರು ಕೊಳ್ಳುವವರು ಡಬ್ಬಿಯ ಮೇಲೆ ಜೀವಂತ ಬ್ಯಾಕ್ಟೀರಿಯಾ ಇದೆಯೆಂಬ ಸೂಚನೆಯನ್ನೂ ಸಕ್ಕರೆ ಎಷ್ಟಿದೆ ಎಂಬುದನ್ನೂ ನೋಡಬೇಕು. ಸಾದಾ ಮೊಸರನ್ನು ಹೆಪ್ಪಾಗಿ ಬಳಸಿ ಮನೆಯಲ್ಲೇ ಮೊಸರು ಮಾಡಿಕೊಳ್ಳುವುದು ಅಗ್ಗ, ಸುಲಭ.

ಅತಿಸಂಸ್ಕರಿತ ಆಹಾರ ಮತ್ತು ಸಾರ್ವಜನಿಕ ಕ್ರಮಗಳು

ಕಾರ್ಖಾನೆಯಲ್ಲಿ ಬಣ್ಣ, ರುಚಿಕಾರಕ, ಎಮಲ್ಸಿಫೈಯರ್, ಸಿಹಿಕಾರಕಗಳನ್ನು ಬೆರೆಸಿ ತಯಾರಿಸಿದ ಆಹಾರಕ್ಕೆ ಅತಿಸಂಸ್ಕರಿತ ಆಹಾರ ಎನ್ನುತ್ತಾರೆ. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿ ಎರಡು ವಾರ ಇಂಥ ಆಹಾರವನ್ನೂ ಇನ್ನೆರಡು ವಾರ ಸಾದಾ ಅಡುಗೆಯನ್ನೂ ಬೇಕಾದಷ್ಟು ತಿಂದರು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದು, ಎರಡು ವಾರದಲ್ಲಿ ಸುಮಾರು 0.9 ಕಿಲೋ ತೂಕ ಏರಿಸಿಕೊಂಡರು. ಎರಡು ಸಾಮಾನ್ಯ ಎಮಲ್ಸಿಫೈಯರ್‌ಗಳು ಇಲಿಗಳ ಕರುಳಿನ ಲೋಳೆಪದರವನ್ನು ತೆಳುಗೊಳಿಸಿ ಉರಿಯೂತ ತರುವುದು 2015ರಲ್ಲಿ ಕಂಡುಬಂತು. ಭಾರತೀಯ ಅಂಗಡಿಯ ಇನ್‌ಸ್ಟಂಟ್ ನೂಡಲ್ಸ್, ಕ್ರೀಮ್ ಬಿಸ್ಕತ್ತು, ತಂಪು ಪಾನೀಯಗಳೂ ಇದೇ ಸಾಲಿಗೆ ಸೇರುತ್ತವೆ. ಊರಿನ ಹೆಸರು ಹೊತ್ತ ಪೊಟ್ಟಣ ಎಂದ ಮಾತ್ರಕ್ಕೆ ಅದು ಊರಿನ ಊಟವಲ್ಲ.

ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಹಾಕಿದ ಅಮೆರಿಕದ ಮೊದಲ ನಗರ ಬೇ ಏರಿಯಾದ ಬರ್ಕ್ಲಿ. 2014ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಈ ತೆರಿಗೆ 2015ರಲ್ಲಿ ಜಾರಿಗೆ ಬಂತು. ಸುಮಾರು 30 ಮಿಲಿಲೀಟರಿಗೆ ಒಂದು ಸೆಂಟ್. ಮೊದಲ ಕೆಲವು ತಿಂಗಳಲ್ಲೇ ನಗರದ ಬಡ ಬಡಾವಣೆಗಳಲ್ಲಿ ಸಕ್ಕರೆ ಪಾನೀಯದ ಸೇವನೆ ಶೇ 21ರಷ್ಟು ಇಳಿಯಿತು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಆಲ್ಬನಿಗಳ ಮತದಾರರೂ ಇದೇ ದಾರಿ ಹಿಡಿದರು. ಬರ್ಕ್ಲಿಯ ಮಾರ್ಟಿನ್ ಲೂಥರ್ ಕಿಂಗ್ ಶಾಲೆಯಲ್ಲಿ ಬಾಣಸಿಗರಾದ ಆಲಿಸ್ ವಾಟರ್ಸ್ 1995ರಲ್ಲಿ ಶುರುಮಾಡಿದ ಶಾಲಾ ತೋಟದಲ್ಲಿ ಮಕ್ಕಳು ತಾವೇ ತರಕಾರಿ ಬೆಳೆದು ಅಡುಗೆ ಮಾಡಿ ಉಣ್ಣುತ್ತಾರೆ.

ಕರುಳು ಮತ್ತು ಮನಸ್ಸು

ಕರುಳಿನ ಗೋಡೆಯಲ್ಲಿ ದೊಡ್ಡ ನರಜಾಲವಿದೆ. ವೇಗಸ್ ನರ ಅದನ್ನು ಮಿದುಳಿಗೆ ಜೋಡಿಸುತ್ತದೆ. ದೇಹದ ಸೆರೊಟೋನಿನ್‌ನ ಸುಮಾರು ಶೇ 90 ಭಾಗ ಕರುಳಿನಲ್ಲೇ ತಯಾರಾಗುತ್ತದೆ. ಇದಕ್ಕೆ ಬ್ಯಾಕ್ಟೀರಿಯಾಗಳು ಪ್ರೇರಣೆ ಕೊಡುವುದನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಸೆರೊಟೋನಿನ್ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಕರುಳಿನ ಚಲನೆಯಂಥ ಕೆಲಸಗಳನ್ನು ನೋಡಿಕೊಳ್ಳುತ್ತದೆ. ಇಂಥ ಆಹಾರ ತಿಂದರೆ ಖಿನ್ನತೆ ಹೋಗುತ್ತದೆ ಎಂದು ಹೇಳುವಷ್ಟು ಪುರಾವೆ ಇಲ್ಲ. ಆದರೆ ಆತಂಕ, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟಗಳಿಂದ ಹೊಟ್ಟೆ ಕೆಡುವುದು, ಹೊಟ್ಟೆ ಕೆಟ್ಟಾಗ ಮನಸ್ಸು ಕುಂದುವುದು ಎಲ್ಲರ ಅನುಭವದ ಮಾತು. ಕಂಪ್ಯೂಟರ್ ಮುಂದೆ ಕೂತು ಗಬಗಬನೆ ತಿನ್ನುವ ಬದಲು ಮನೆಮಂದಿ ಒಟ್ಟಿಗೆ ಕೂತು ನಿಧಾನವಾಗಿ ಉಣ್ಣುವುದಕ್ಕೂ ಆರೋಗ್ಯದಲ್ಲಿ ಪಾಲಿದೆ.

ಮಿತಿ ಮತ್ತು ಎಚ್ಚರಿಕೆ

ನಾರನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ, ವಾಯು ಕಾಡುತ್ತವೆ. ವಾರಗಳ ಮೇಲೆ ನಿಧಾನವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಬೇಕು. ಕಾಳನ್ನು ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆ. ಕೆರಳುವ ಕರುಳಿನ ತೊಂದರೆ ಇರುವವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳೇ ನೋವು ತರಬಹುದು. ಇಂಥ ಆಹಾರಗಳನ್ನು ಮಿತಗೊಳಿಸುವ, ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯವನ್ನು ಅಂಥವರು ಆಹಾರ ತಜ್ಞರ ನೆರವಿನಿಂದ ಕೆಲವು ಕಾಲ ಮಾತ್ರ ಮಾಡಬೇಕು. ಉಪ್ಪಿನಕಾಯಿಯಲ್ಲಿ ಉಪ್ಪು ವಿಪರೀತ. ರಕ್ತದೊತ್ತಡವಿರುವವರು ಅದನ್ನು ಕರುಳಿನ ಔಷಧಿ ಎಂದು ತಿನ್ನಬಾರದು. ರೋಗನಿರೋಧಕ ಶಕ್ತಿ ತೀರ ಕುಗ್ಗಿದವರು ಜೀವಂತ ಬ್ಯಾಕ್ಟೀರಿಯಾ ಇರುವ ಆಹಾರದ ಬಗ್ಗೆ ವೈದ್ಯರನ್ನು ಕೇಳಬೇಕು. ಸಸ್ಯಾಹಾರಿಗಳು ಬಿ12 ಜೀವಸತ್ವವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಇಡ್ಲಿ ದೋಸೆಯಿಂದ ಅದು ಸಾಕಷ್ಟು ಸಿಗುವುದಿಲ್ಲ.

ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಪ್ರೊಬಯಾಟಿಕ್ ಮಾತ್ರೆಗಳ ಬಗ್ಗೆ ಅಮೆರಿಕದ ಜಠರಕರುಳಿನ ವೈದ್ಯರ ಸಂಘ 2020ರಲ್ಲಿ ಪುರಾವೆಗಳನ್ನು ಪರಿಶೀಲಿಸಿತು. ಬಹುತೇಕ ಜೀರ್ಣಾಂಗ ತೊಂದರೆಗಳಿಗೆ ಅವನ್ನು ಶಿಫಾರಸು ಮಾಡುವಷ್ಟು ಆಧಾರ ಸಿಗಲಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಹೊಟ್ಟೆನೋವು ಇದ್ದರೆ ಊಟ ಬದಲಿಸುತ್ತ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯನ್ನು 45ನೆಯ ವಯಸ್ಸಿನಿಂದ ಮಾಡಿಸಬೇಕೆಂದು ಅಮೆರಿಕದಲ್ಲಿ 2021ರಿಂದ ಸಲಹೆ ಇದೆ.

ಮುಂದಿನ ಪೀಳಿಗೆ

ಕನ್ನಡ ಮನೆಗಳ ಹಬ್ಬದ ಊಟ ಬೇ ಏರಿಯಾದಲ್ಲಿ ಅಳಿಯುವ ಭಯವಿಲ್ಲ. ಒಬ್ಬಟ್ಟು, ಪುಳಿಯೋಗರೆ, ಪಾಯಸಗಳನ್ನು ಕೂಟದ ಸಮಾರಂಭಗಳೂ ದೇವಸ್ಥಾನಗಳೂ ಹೋಟೆಲುಗಳೂ ಕಾಪಾಡುತ್ತವೆ. ಬಸ್ಸಾರು, ಉಸಲಿ, ತಂಬುಳಿ, ಅಂಬಲಿಗಳನ್ನು ಕಾಪಾಡುವವರು ಮನೆಯವರು ಮಾತ್ರ. ಈ ಅಡುಗೆಗೆ ಬರೆದ ಪಾಕವಿಧಾನಕ್ಕಿಂತ ಕೈಯ ಅಳತೆ ಹೆಚ್ಚು. ಊರಿನಿಂದ ಆರು ತಿಂಗಳಿಗೆಂದು ಬರುವ ಅಜ್ಜಿ ಅಜ್ಜ ಇದ್ದಾಗ ಮಕ್ಕಳು ಅವರ ಪಕ್ಕದಲ್ಲಿ ನಿಂತು ಸೊಪ್ಪು ಬಿಡಿಸಿ, ಕಾಳು ಮೊಳಕೆ ಕಟ್ಟಿ, ಹಾಲಿಗೆ ಹೆಪ್ಪು ಹಾಕಿ ಕಲಿತರೆ ಈ ಜ್ಞಾನ ದಾಟುತ್ತದೆ. ಕೂಟದ ಊಟದ ಸಾಲಿನಲ್ಲಿ ಎರಡು ಸಿಹಿಯ ಬದಲು ಒಂದು ಸಿಹಿ, ಒಂದು ಕೋಸಂಬರಿ, ಒಂದು ಲೋಟ ಮಜ್ಜಿಗೆ ಇಡುವುದು ಯಾವ ಖರ್ಚೂ ಇಲ್ಲದ ಸುಧಾರಣೆ. ಶಾಲೆಯ ಡಬ್ಬಿಗೆ ವಾರದಲ್ಲಿ ಎರಡು ದಿನ ರಾಗಿ ದೋಸೆ ಅಥವಾ ಕಾಳಿನ ಉಸಲಿ ಹೋಗಲಿ. ಮಕ್ಕಳು ಅದನ್ನು ಇಷ್ಟಪಟ್ಟು ತಿಂದರೆ ದೊಡ್ಡವರಾದ ಮೇಲೆ ತಾವೇ ಮಾಡಿಕೊಳ್ಳುತ್ತಾರೆ. ಆ ರುಚಿ ಒಮ್ಮೆ ಬಿಟ್ಟುಹೋದರೆ ಮತ್ತೆ ಕಲಿಸುವುದು ಕಷ್ಟ. ಹಾಗಾಗಿ ಬೇ ಏರಿಯಾದ ಕನ್ನಡಿಗರಿಗೆ ನಿತ್ಯದ ಅಡುಗೆಯನ್ನು ಉಳಿಸಿಕೊಳ್ಳುವುದು ಸಂಸ್ಕೃತಿಯ ಕೆಲಸವಾದಷ್ಟೇ ಆರೋಗ್ಯದ ಕೆಲಸವೂ ಹೌದು.